ಕ್ಯಾತಪ್ಪನ ಬಾಣಂತನ

ಕ್ಯಾತಪ್ಪನನ್ನು ನಾನು ಮೊದಲ ಸಲ ಕಂಡದ್ದು ಎಪ್ಪತ್ತಮೂರನೆಯ ಇಸವಿಯ ಶ್ರಾವಣದಲ್ಲಿ. ಮಧುಗಿರಿಯ ಕಡೆ ಕುರಿ ಸಾಕುವವರ ಒಂದು ಹಟ್ಟಿಯ ಶಾಲೆಗೆ ವರ್ಗವಾಗಿ, ಪುರವರದಲ್ಲಿ ಬಸ್ಸಿಳಿದು, ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು, ಹಳ್ಳ ದಾಟಿ ಕಾಲುದಾರಿಯಲ್ಲಿ ನಡೆದು ಬರುತ್ತಿದ್ದೆ. ಹಟ್ಟಿಯ ಮುಳ್ಳುಬೇಲಿಗೆ ಸ್ವಲ್ಪ ಈಚೆಗೆ, ಐವತ್ತು ದಾಟಿದ ಮನುಷ್ಯನೊಬ್ಬ ತನಗಿಂತ ಎತ್ತರದ ಚಪ್ಪಡಿ ಕಲ್ಲನ್ನು ತಬ್ಬಿಕೊಂಡು ನಿಂತಿದ್ದ. ಕಲ್ಲು ಅವನ ಮೇಲೆ ಬೀಳುತ್ತಿತ್ತೋ, ಅವನು ಕಲ್ಲಿನ ಮೇಲೆ ಬೀಳುತ್ತಿದ್ದನೋ ಹೇಳುವುದು ಕಷ್ಟವಿತ್ತು. ಟ್ರಂಕು ಇಳಿಸಿ ನಾನೂ ಒಂದು ಕೈ ಕೊಟ್ಟೆ. ಕಲ್ಲು ನೆಟ್ಟಗಾಯಿತು. ಅವನೂ ನೆಟ್ಟಗಾದ. ಮೀಸೆ ಒರೆಸಿಕೊಂಡ.

“ಹೊಸ ಮೇಷ್ಟ್ರಾ? ಕುಂತ್ಕಳಿ, ಕುಂತ್ಕಳಿ.”

“ಮನೆ ಕಟ್ಟುತ್ತಿದ್ದೀರಾ?” ಎಂದು ಕೇಳಿದೆ.

“ಮನೆಯ ಯಾರು ಬೇಕಾದ್ರೂ ಕಟ್ತಾರೆ ಬುಡಿ ಸೋಮಿ! ಇದು ಬಾಣಂತಿ ಗುಡ್ಲು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಕು ತಾಲ್ಲೂಕು ತಿರುಗಿದ್ರೂ ಇಂಥಾ ಗುಡ್ಲು ಸಿಗಾಕಿಲ್ಲ. ನನ್ನ ಮಗಳ ಬಾಣಂತನ ನಾನೇ ಮಾಡಾದು! ಗಾಳಿ ಒಳಕ್ಕೆ ಬರ್ಬೇಕು ಅಂದ್ರೆ ನನ್ನ ಅಪ್ಪಣೆ ಕೇಳ್ಬೇಕು!”

ಆ ಹಟ್ಟಿಯ ಕಟ್ಟಳೆ ನನಗೆ ತಿಳಿದದ್ದು ಆಮೇಲೆ. ಹೆತ್ತ ಹೆಂಗಸೂ ಕೂಸೂ ಸೂತಕ ಕಳೆಯುವ ತನಕ ಹಟ್ಟಿಯೊಳಗೆ ಇರುವಂತಿಲ್ಲ. ಬೇಲಿಯ ಹೊರಗೆ ಗುಡ್ಲಿನಲ್ಲಿರಬೇಕು. ಬೇಲಿಗೂ ಗುಡ್ಲಿಗೂ ನಡುವೆ ಸುಣ್ಣ ಬಳಿದ ಕಲ್ಲುಗಳ ಒಂದು ಸಾಲು. ಅದೇ ಗೆರೆ. ಗೆರೆ ದಾಟಿ ಬಾಣಂತಿಯನ್ನು ಮುಟ್ಟಿದವರು ಅಲ್ಲೇ ಉಳಿಯಬೇಕು. ಅವರು ಒಳಗೆ ಬರಬೇಕಾದರೆ ದೇವರ ಪೂಜಾರಿ ತೀರ್ಥ ಚಿಮುಕಿಸಿ ಕರೆದುಕೊಳ್ಳಬೇಕು. ಆದ್ದರಿಂದ ಬಾಣಂತಿಯ ಹೆತ್ತತಾಯಿ ಗಂಟು ಕಟ್ಟಿಕೊಂಡು ಮಗಳ ಜೊತೆ ಗುಡ್ಲು ಸೇರುವುದು ವಾಡಿಕೆ. ಗಂಡಸರು ಆ ಕಡೆ ಸುಳಿಯುತ್ತಿರಲಿಲ್ಲ. ಪೂಜಾರಿಯಂತೂ ಗೆರೆಯ ಕಡೆ ತಲೆ ಹಾಕಿ ಕೂಡ ಮಲಗುತ್ತಿರಲಿಲ್ಲ.

ಆ ಪೂಜಾರಿ ಬೇರೆ ಯಾರೂ ಅಲ್ಲ, ಈ ಕ್ಯಾತಪ್ಪನೇ!

“ಹಾಗಾದರೆ ನೀವು ಬಾಣಂತನ ಮಾಡುವುದು ಹೇಗೆ?” ಎಂದೆ.

“ಗೆರೆ ದಾಟ್ದಂಗೆ!” ಎಂದ ಅವನು, ಅದೂ ಒಂದು ಪ್ರಶ್ನೆಯೇ ಎಂಬಂತೆ.

ಈ ಹಟದ ಹಿಂದೆ ಒಂದು ಸಾವಿತ್ತು. ಕ್ಯಾತಪ್ಪನ ಹೆಂಡತಿ ಈರಕ್ಕ ಹದಿನೈದನೆಯ ವಯಸ್ಸಿಗೆ ಚೊಚ್ಚಲು ಹೆತ್ತವಳು. ಅವಳ ತಾಯಿ ಬಾಣಂತನಕ್ಕೆ ಬರಲಾಗಲಿಲ್ಲ. ಆ ತಾಯಿಯೂ ಅದೇ ತಿಂಗಳು ತನ್ನ ಎಂಟನೆಯ ಕೂಸನ್ನು ಹೆತ್ತು ಇನ್ನೊಂದು ಹಟ್ಟಿಯ ಗುಡ್ಲಿನಲ್ಲಿ ಮಲಗಿದ್ದಳು. ತಾಯಿ ಅಲ್ಲಿ ಬಾಣಂತಿ, ಮಗಳು ಇಲ್ಲಿ ಬಾಣಂತಿ. ಕಾರ್ತಿಕದ ಗಾಳಿ ಎದ್ದು ಈರಕ್ಕನ ಗುಡ್ಲಿನ ಸೂರನ್ನು ಹಾರಿಸಿಕೊಂಡು ಹೋಯಿತು. ಕ್ಯಾತಪ್ಪ ಕಂಬಳಿ ಹಿಡಿದುಕೊಂಡು ಗೆರೆಯ ಈಚೆ ನಿಂತಿದ್ದ. ಹಿರಿಯರು ತೋಳು ಹಿಡಿದು, “ದುಡುಕಬ್ಯಾಡ ಕಣ್ಲಾ, ಬೆಳಗಾಗ್ಲಿ ನೋಡಾನ” ಎಂದರು. ಬೆಳಗಾಯಿತು. ನೋಡಿದರು. ಕೂಸು ಮಾತ್ರ ಅಳುತ್ತಿತ್ತು.

ಆ ಕೂಸೇ ಗೌರಕ್ಕ. ಕ್ಯಾತಪ್ಪನ ತಾಯಿಯ ಕೈಯಲ್ಲಿ ಮೇಕೆ ಹಾಲು ಕುಡಿದು ಬೆಳೆದವಳು. ಪಾವಗಡದ ಕಡೆಯ ಹಟ್ಟಿಯೊಂದಕ್ಕೆ, ಗಂಗಣ್ಣ ಎಂಬ ಸಾಧು ಪ್ರಾಣಿಗೆ ಅವಳನ್ನು ಕೊಟ್ಟಿದ್ದರು. ವರ್ಷಗಳು ಉರುಳಿದರೂ ಮಕ್ಕಳಾಗಲಿಲ್ಲ. ಅತ್ತೆ ಹರಕೆ ಹೊತ್ತಳು, ಆಮೇಲೆ ಬೈದಳು, ಆಮೇಲೆ ಬೈದೂ ಸಾಕಾಗಿ ಸತ್ತುಹೋದಳು. ಮೂವತ್ತನಾಲ್ಕು ತುಂಬಿದ ಮೇಲೆ ಗೌರಕ್ಕನಿಗೆ ಹೊಟ್ಟೆ ಕಾಣಿಸಿಕೊಂಡಿತು. ಯಾರೂ ನಂಬಲಿಲ್ಲ. ಗಡ್ಡೆ ಎಂದರು ಕೆಲವರು, ವಾಯು ಎಂದರು ಕೆಲವರು. ಒಬ್ಬ ನಾಟಿ ವೈದ್ಯ ಗಡ್ಡೆ ಕರಗಿಸುವ ಕಷಾಯವನ್ನೂ ಕೊಟ್ಟ. ಅದನ್ನು ಕುಡಿದ ದಿನವೇ ಆ ಗಡ್ಡೆ ಒಳಗಿನಿಂದ ಅವಳಿಗೆ ಒಂದು ಒದೆ ಕೊಟ್ಟಿತು!

ಚೊಚ್ಚಲ ಹೆರಿಗೆ ತವರಿನದು. ಗಂಗಣ್ಣ ಅವಳನ್ನು ತಂದುಬಿಟ್ಟು ಕುರಿಗಳ ಹಿಂದೆ ಹೊರಟುಹೋದ. ಕ್ಯಾತಪ್ಪ ಅವಳನ್ನು ಮಧುಗಿರಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಲೇಡಿ ಡಾಕ್ಟರು ನೋಡಿ ಹುಬ್ಬು ಗಂಟಿಕ್ಕಿದರು.

“ಮೊದಲ ಹೆರಿಗೆಗೆ ಈ ವಯಸ್ಸು ಸ್ವಲ್ಪ ಹೆಚ್ಚೇ. ಜೋಪಾನ ಬೇಕು. ಮನೆಯಲ್ಲಿ ನೋಡಿಕೊಳ್ಳುವ ದೊಡ್ಡ ಹೆಂಗಸು ಯಾರು?”

“ನಾನೇ ಕಣವ್ವ” ಎಂದ ಕ್ಯಾತಪ್ಪ.

ಡಾಕ್ಟರು ಅವನ ಮೀಸೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ, “ಹೆತ್ತ ಮೇಲೆ ಜ್ವರ ಬಂದರೆ, ಮೈ ನಡುಗಿದರೆ, ಒಂದು ಗಳಿಗೆಯೂ ಕಾಯಬೇಡಿ. ಇಲ್ಲಿಗೆ ತನ್ನಿ” ಎಂದರು.

ಗೆರೆಯಾಚೆ ಗೌರಕ್ಕನ ಜೊತೆಗಿರಲು ಕ್ಯಾತಪ್ಪನ ತಂಗಿ ರಂಗಕ್ಕ ಒಪ್ಪಿದ್ದಳು. ಅವಳಿಗೂ ಆಗಷ್ಟೇ ಐವತ್ತು. ಮೊಮ್ಮಗಳು ಜುಂಜಮ್ಮನನ್ನು ಶಿರಾದ ಕಡೆ ಕೊಟ್ಟಿತ್ತು. ಹದಿನೇಳರ ಹುಡುಗಿ, ಅದೂ ಬಸುರಿ. ಇದನ್ನು ಹೇಳಿಕೊಂಡು ರಂಗಕ್ಕ ಅಣ್ಣನನ್ನು ಕಾಡದ ದಿನವಿರಲಿಲ್ಲ.

“ನಾನು ಮುತ್ತಜ್ಜಿ ಆಗ್ತಾ ಇವ್ನಿ, ನೀನಿನ್ನೂ ತಾತ ಆಗಾಕೆ ತಿಣುಕ್ತಾ ಇದ್ದೀಯಲ್ಲೋ ಅಣ್ಣಯ್ಯ! ನಿನ್ನ ಮಗಳ ವಯಸ್ಸಿನೋರು ಬಾಣಂತನ ಮಾಡ್ತಾರೆ, ಮಾಡಿಸ್ಕೊಳ್ಳಾಕಿಲ್ಲ.”

“ನನ್ನ ಮಗಳು ನಿಧಾನಸ್ಥೆ ಕಣೆ. ಒಳ್ಳೆ ಕೆಲಸಕ್ಕೆ ಆತುರ ಯಾಕೆ?”

ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಬೇಕೆಂಬ ಕ್ಯಾತಪ್ಪನ ಲೆಕ್ಕಾಚಾರವನ್ನು ಕೂಸು ಕೇಳಲಿಲ್ಲ. ಕಡಲೆಕಾಯಿ ಕೀಳುವ ಕಾಲದಲ್ಲಿ, ದಿನ ತುಂಬುವುದಕ್ಕೆ ಮೊದಲೇ, ಗೌರಕ್ಕನಿಗೆ ನೋವು ಬಂತು. ಅವಳು ಗೆರೆ ದಾಟಿದಳು, ರಂಗಕ್ಕ ದಾಟಿದಳು, ಮಧ್ಯಾಹ್ನದ ಹೊತ್ತಿಗೆ ಗಂಡು ಕೂಸು. ಕ್ಯಾತಪ್ಪ ಗೆರೆಯ ಈಚೆ ನಿಂತು ಕುಣಿದ.

ಆ ಕುಣಿತ ಮುಗಿಯುವುದರೊಳಗೆ ಶಿರಾದ ಕಡೆಯಿಂದ ಆಳು ಬಂದ. ತವರಿಗೆ ಹೊರಡುವ ಮೊದಲೇ ಜುಂಜಮ್ಮನಿಗೂ ನೋವು ಕಾಣಿಸಿತ್ತು. ಹುಡುಗಿ ಅಜ್ಜಿ ಬೇಕು ಅಜ್ಜಿ ಬೇಕು ಎಂದು ಅಳುತ್ತಿದ್ದಾಳಂತೆ. ರಂಗಕ್ಕ ಗುಡ್ಲಿನ ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿದಳು.

“ಅಣ್ಣಯ್ಯ, ನಿನ್ನ ಮಗಳು ಹೆಂಗೋ ಗಟ್ಟಿ ಕಣೋ. ಜುಂಜಿ ಇನ್ನೂ ಮಗು. ನಾನು ಇಂಗೇ ಹೊಲದ ಹಾದಿ ಹಿಡಿದು ಹೊಂಟೆ.”

“ನಂಗೆ ಕೈ ಕೊಟ್ಟು ಹೋಗ್ತೀಯೇನೇ ರಂಗಿ!”

“ನಾಕು ತಾಲ್ಲೂಕಿಗೆ ಇಲ್ಲದ ಬಾಣಂತನ ಮಾಡ್ತೀನಿ ಅಂದೋನು ನೀನೇ ಅಲ್ವಾ? ಮಾಡು!”

ಹೀಗೆ ಕ್ಯಾತಪ್ಪನ ದೂರದ ಬಾಣಂತನ ಪ್ರಾರಂಭವಾಯಿತು. ಕುರಿ ಕಾಯುವವರು ಮರದ ಸೊಪ್ಪು ಎಳೆಯಲು ಉದ್ದನೆಯ ದೋಟಿ ಇಟ್ಟುಕೊಂಡಿರುತ್ತಾರಲ್ಲ, ಅಂಥ ಎರಡು ದೋಟಿಗಳನ್ನು ಒಂದಕ್ಕೊಂದು ಬಿಗಿದ. ತುದಿಗೆ ಕುಡಿಕೆ ಸಿಕ್ಕಿಸಿ ಗೆರೆಯ ಮೇಲಿಂದ ಗುಡ್ಲಿನ ಬಾಗಿಲಿಗೆ ಚಾಚಿದ. ಮೊದಲ ದಿನದ ಮೆಣಸಿನ ಸಾರು ಗೌರಕ್ಕನನ್ನು ತಲುಪಲಿಲ್ಲ. ಅಲ್ಲೇ ಮೇಯುತ್ತಿದ್ದ ಹಟ್ಟಿಯ ಯಜಮಾನ ತಿಮ್ಮರಾಯಪ್ಪನ ಟಗರಿನ ಬೆನ್ನಿಗೆ ಅಭಿಷೇಕವಾಯಿತು. ಬಿಸಿ ತಾಳಲಾರದೆ ಅದು ಹಟ್ಟಿಯನ್ನು ಮೂರು ಸುತ್ತು ಹಾಕಿತು. ಎರಡನೆಯ ದಿನ ಅನ್ನ ತಲುಪಿತು, ತುಪ್ಪ ತಲುಪಲಿಲ್ಲ. ಬಿಸಿನೀರು ಕಳುಹಿಸಲು ತಗಡು ಬಾಗಿಸಿ ನೀರು ಹರಿಯುವ ಒಂದು ದೋಣಿ ಮಾಡಿದ. ಈಚೆ ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ನೀರು ಆಚೆ ಗೌರಕ್ಕನ ಕೈಗೆ ಬರುವ ಹೊತ್ತಿಗೆ ಕೆರೆಯ ನೀರಾಗಿರುತ್ತಿತ್ತು.

ಇನ್ನು ವಿಚಾರಣೆ! ಬಾಣಂತಿಯ ತಾಯಿ ಕಿವಿಯಲ್ಲಿ ಕೇಳುವುದನ್ನೆಲ್ಲ ಕ್ಯಾತಪ್ಪ ಗೆರೆಯಿಂದ ಕೂಗಿ ಕೇಳಬೇಕಾಯಿತು.

“ಗೌರೀ! ಎದೆಯಾಗೆ ಹಾಲು ಬರ್ತಾ ಐತಾ?”

ಹಟ್ಟಿಯ ನಾಯಿಗಳು ಸಹಿತ ಸುಮ್ಮನಾದವು.

“ಅಪ್ಪಯ್ಯಾ, ಮೆಲ್ಲಕೆ!” ಎಂದು ಗೌರಕ್ಕ ಒಳಗಿನಿಂದ.

“ಮೆಲ್ಲಕೆ ಅಂದ್ರೆ ಕೇಳಾದು ಹೆಂಗೆ? ಬರ್ತಾ ಐತೋ ಇಲ್ವೋ?”

“ಬರ್ತಾ ಐತಂತೆ ಕಣೋ ಪೂಜಾರಪ್ಪಾ, ಇನ್ನು ಮನೆಗೆ ನಡಿ!” ಎಂದು ಬೇಲಿಯ ಹಿಂದಿನಿಂದ ಹೆಂಗಸರು ಕಿರುಚಿದರು.

ಅವನು ಮನೆಗೆ ನಡೆಯಲಿಲ್ಲ. ಗೆರೆಯ ಪಕ್ಕದಲ್ಲೇ ಕಂಬಳಿ ಹಾಸಿಕೊಂಡ. ಗುಡ್ಲಿನ ಕಡೆ ನೋಡಿದಾಗಲೆಲ್ಲ ಅವನಿಗೆ ಧೈರ್ಯ ಬರುತ್ತಿತ್ತು. ನಾಲ್ಕು ಕಡೆ ಚಪ್ಪಡಿ ಗೋಡೆ. ಸೂರಿನ ಹುಲ್ಲು ಮೊಳದಪ್ಪ; ಅದರ ಮೇಲೆ ಹಗ್ಗ, ಹಗ್ಗದ ತುದಿಗಳಿಗೆ ಗುಂಡುಕಲ್ಲು. ಕಿಟಕಿ ಇಲ್ಲ. ಬಾಗಿಲಿಗೆ ಒಂದರ ಮೇಲೊಂದು ಎರಡು ಕಂಬಳಿ. ಈರಕ್ಕನನ್ನು ಕೊಂದ ಗಾಳಿ ಬಂದು ಈ ಗುಡ್ಲನ್ನು ಸುತ್ತಿ, ಸೋತು, ನಾಚಿಕೊಂಡು ಹೋಗಬೇಕು! ಹಾಗೆಂದು ಅವನು ದಿನಕ್ಕೆ ಹತ್ತು ಜನರಿಗೆ ಹೇಳುತ್ತಿದ್ದ.

ಜಡಿಮಳೆ ಹಿಡಿದ ಒಂದು ಬೆಳಗ್ಗೆ ಗೌರಕ್ಕ “ಚಳಿ ಅಪ್ಪಯ್ಯ” ಎಂದಳು. ಕ್ಯಾತಪ್ಪ ದೋಟಿಯಲ್ಲಿ ಸೌದೆ ಕಳುಹಿಸಿದ, ಬೇವಿನ ಸೊಪ್ಪು ಕಳುಹಿಸಿದ, ಬೆಳ್ಳುಳ್ಳಿ ಸಿಪ್ಪೆ ಕಳುಹಿಸಿದ. “ಬೆಂಕಿ ಜೋರಾಗಿ ಮಾಡು! ಸೊಪ್ಪು ಹಾಕು! ಇನ್ನೊಂದು ಹಿಡಿ ಹಾಕು! ಕಂಬಳಿ ಬಿಗಿಯಾಗಿ ಇಳಿಬುಡು!” ಎಂದು ಸೇನಾಪತಿಯಂತೆ ಅಪ್ಪಣೆ ಕೊಡುತ್ತಿದ್ದ. ಸೌದೆ ಹಸಿ, ಸೊಪ್ಪು ಹಸಿ. ಒಳಗೆ ಹೊಗೆ ಎದ್ದಿತು. ಗಾಳಿ ಬರುವ ದಾರಿಯನ್ನೆಲ್ಲ ಮುಚ್ಚಿದ್ದ ಕ್ಯಾತಪ್ಪ, ಹೊಗೆ ಹೋಗುವ ದಾರಿಯನ್ನೂ ಮುಚ್ಚಿದ್ದ.

ಗೌರಕ್ಕ ಕೆಮ್ಮಿದಳು. ಕೂಸು ಕೆಮ್ಮಿತು. ಆಮೇಲೆ ಕೂಸಿನ ಸದ್ದು ನಿಂತಿತು. ಕಂಬಳಿ ಸರಿಸಿಕೊಂಡು ಅವಳು ಹೊರಕ್ಕೆ ಬಂದಳು, ಕೂಸನ್ನು ಮುಂದಕ್ಕೆ ಚಾಚಿದಳು, ಹಾಗೇ ಮೊಣಕಾಲೂರಿ ಕುಸಿದಳು.

ಕೂಸು ಕೆಳಗೆ ಬೀಳಲಿಲ್ಲ. ಬೀಳುವುದಕ್ಕೆ ಮೊದಲೇ ಕ್ಯಾತಪ್ಪನ ಕೈಯಲ್ಲಿತ್ತು. ಅವನು ಅದನ್ನು ತಲೆಕೆಳಗೆ ಹಿಡಿದು, ಹುಟ್ಟಿದ ಕುರಿಮರಿಗೆ ಬಡಿಯುವಂತೆ ಬೆನ್ನಿಗೆ ಬಡಿದ. ಅದು ಅತ್ತಿತು. ಮಗಳ ಮುಖಕ್ಕೆ ಮಳೆನೀರು ಹಾಕಿದ. ಅವಳು ಕಣ್ಣು ಬಿಟ್ಟು, “ಅಪ್ಪಯ್ಯ, ನೀನು ಈ ಕಡೆ ಯಾಕೆ ಬಂದೆ?” ಎಂದಳು.

ಆಗ ಕ್ಯಾತಪ್ಪ ಹಿಂತಿರುಗಿ ನೋಡಿದ. ಬಿಳಿಯ ಕಲ್ಲುಗಳು ಅವನ ಬೆನ್ನ ಹಿಂದೆ ಇದ್ದವು. ಕಲ್ಲುಗಳ ಆಚೆ ಇಡೀ ಹಟ್ಟಿ ನಿಂತಿತ್ತು. ಎಲ್ಲರ ಮುಂದೆ ಯಜಮಾನ ತಿಮ್ಮರಾಯಪ್ಪ.

“ಕ್ಯಾತಪ್ಪ, ಎಲ್ಲಿ ನಿಂತಿದ್ದೀಯ ಗೊತ್ತೇನ್ಲಾ?”

“ನನ್ನ ಮಗಳ ತಾವ ಕಣಣ್ಣ.”

“ಅಂಗಾದ್ರೆ ಅಲ್ಲೇ ಇರು. ಕಟ್ಟಳೆ ಕಟ್ಟಳೆನೇ. ಶುದ್ಧಿ ಆಗಗಂಟ ಈ ಕಡೆ ಕಾಲಿಡಬ್ಯಾಡ.”

“ಆಗ್ಲಿ. ಶುದ್ಧಿ ಮಾಡೋರು ಯಾರು?”

“ಇದೇನ್ಲಾ ಕೇಳ್ತೀಯ, ಪೂಜಾರಿ!”

“ಪೂಜಾರಿ ಯಾರು?”

ತಿಮ್ಮರಾಯಪ್ಪ ಬಾಯಿ ತೆರೆದ. ತೆರೆದ ಬಾಯನ್ನು ಹಾಗೆಯೇ ಇಟ್ಟುಕೊಂಡು ಹಟ್ಟಿಯ ಕಡೆ ತಿರುಗಿದ. ಹಟ್ಟಿ ಅವನ ಕಡೆ ನೋಡಿತು. ಇನ್ನೊಬ್ಬ ಪೂಜಾರಿಯನ್ನು ಮಾಡಬಹುದಿತ್ತು. ಆದರೆ ಹೊಸ ಪೂಜಾರಿಗೆ ದೇವರ ಬೆತ್ತ ಕೊಡಬೇಕಾದವನು ಹಳೆಯ ಪೂಜಾರಿ. ಹಳೆಯ ಪೂಜಾರಿ ಮೈಲಿಗೆಯಲ್ಲಿ ನಿಂತು ಮೊಮ್ಮಗನ ಮೂಗು ಒರೆಸುತ್ತಿದ್ದ.

ತೊಡಕು ಅಲ್ಲಿಗೇ ನಿಲ್ಲಲಿಲ್ಲ. ಸೋಮವಾರದ ಮೊದಲ ಹಾಲು ದೇವರಿಗೆ ಮೀಸಲು. ಆ ಮೀಸಲು ಸಲ್ಲದೆ ಹಟ್ಟಿಯಲ್ಲಿ ಯಾರೂ ಹಾಲು ಕುಡಿಯುವಂತಿಲ್ಲ, ಮಾರುವಂತಿಲ್ಲ. ಸೋಮವಾರ ಬಂತು. ಪೂಜಾರಿಯಿಲ್ಲದ ಗುಡಿಯ ಮುಂದೆ ಹಾಲಿನ ಗಡಿಗೆಗಳು ಸಾಲಾಗಿ ಕೂತವು. ಮಧುಗಿರಿಯ ಹೋಟೆಲಿಗೆ ಹಾಲು ಒಯ್ಯುವವನು ಸೈಕಲ್ಲು ಒರಗಿಸಿ ಕಾದು, ಗೊಣಗಿ, ಬರಿಯ ಕ್ಯಾನು ಬಡಿದುಕೊಂಡು ಹೋದ. ಮಂಗಳವಾರದ ಹಾಲು ಬಂತು, ಇಡಲು ಗಡಿಗೆಯಿಲ್ಲ. ಬುಧವಾರ ಇಡೀ ಹಟ್ಟಿ ಹುಳಿನಾತ ಹೊಡೆಯತೊಡಗಿತು. ಶಾಲೆಯಲ್ಲಿ ನಾನು ಮೂಗು ಮುಚ್ಚಿಕೊಂಡು ಮಗ್ಗಿ ಹೇಳಿಸಿದೆ.

ಗೆರೆಯಾಚೆ ಮಾತ್ರ ಎಲ್ಲವೂ ಸರಿಯಾಯಿತು. ದೋಟಿ ಬೇಡ, ದೋಣಿ ಬೇಡ. ಕ್ಯಾತಪ್ಪ ಮೊದಲು ಗುಡ್ಲಿನ ಸೂರಿಗೆ ಕೈ ಹಾಕಿ ಒಂದು ತೂತು ಮಾಡಿದ. ತಾನೇ ಅನ್ನ ಮಾಡಿದ, ತಾನೇ ನೀರು ಕಾಯಿಸಿದ, ಕೂಸಿನ ಬಟ್ಟೆ ಒಗೆದು ಜಾಲಿ ಗಿಡಕ್ಕೆ ಹರವಿದ. ಬೇಲಿಯ ಹಿಂದೆ ನಿಂತು ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದರು. “ಪೂಜಾರಪ್ಪಾ, ಕೂಸಿನ ತಲೆಗೆ ಎಣ್ಣೆ ಒತ್ತಿದ್ಯಾ?” ಎಂದು ಕೆಣಕುವರು. “ಒತ್ತಿದ್ದೀನಿ ಕಣಮ್ಮ, ನಿನ್ನ ಗಂಡನ ತಲೆ ಖಾಲಿ ಇದ್ರೆ ಕಳಿಸು!” ಎನ್ನುವನು ಇವನು.

ಆ ನಗು ಶುಕ್ರವಾರದ ಬೆಳಗಿನವರೆಗೆ ಇತ್ತು. ಅಂದು ಗೌರಕ್ಕ ಏಳಲಿಲ್ಲ. ಮೈ ಮುಟ್ಟಿದರೆ ಹಂಚಿನಂತೆ ಸುಡುತ್ತಿತ್ತು. ಹಲ್ಲುಗಳು ಮಾತ್ರ ಕಟಕಟ ಎನ್ನುತ್ತಿದ್ದವು. ಕೂಸನ್ನು ಎದೆಗೆ ಹಿಡಿದರೆ, “ಯಾರ ಮಗ ಇದು?” ಎಂದಳು.

ಕ್ಯಾತಪ್ಪ ಗೆರೆಗೆ ಓಡಿಬಂದ. ತಿಮ್ಮರಾಯಪ್ಪನ ಗಾಡಿ ಎತ್ತು ಹೂಡಿಕೊಂಡು ಹಟ್ಟಿಯ ನಡುವೆ ನಿಂತಿತ್ತು. ಕಡಲೆಕಾಯಿ ಮೂಟೆ ಹೇರಿಕೊಂಡು ಶಿರಾದ ಮಂಡಿಗೆ ಹೊರಟಿದ್ದ ಗಾಡಿ. ಗುಡ್ಲಿನ ಹಿಂದೆ ಹಳ್ಳ; ಗಾಡಿ ದಾರಿ ಇದ್ದದ್ದು ಹಟ್ಟಿಯ ನಡುವೆ ಹಾದು ಮಾತ್ರ.

“ತಿಮ್ಮರಾಯಣ್ಣ, ಗಾಡಿ ಕೊಡು. ಮಗಳಿಗೆ ಜ್ವರ ಏರೈತೆ. ಮಧುಗಿರಿಗೆ ಹೋಗ್ಬೇಕು.”

“ಹಟ್ಟಿ ಒಳಗೆ ಹಾದು? ಸೂತಕದವಳನ್ನ ಹೇರಿಕೊಂಡು? ಆಮ್ಯಾಕೆ ಗಾಡಿ ಶುದ್ಧಿ ಮಾಡೋರು ಯಾರ್ಲಾ?”

“ಗಾಡಿ ಸುಟ್ಟು ಹಾಕು, ಹೊಸದು ಮಾಡಿಸಿಕೊಡ್ತೀನಿ. ಈಗ ಕೊಡು.”

“ದುಡುಕಬ್ಯಾಡ. ಹಿರೀಕರು ಸೇರ್ಲಿ. ಸಂಜಿಕೆ ನೋಡಾನ.”

ನೋಡಾನ!

ಆ ಮಾತು ಕಿವಿಗೆ ಬಿದ್ದಾಗ ಕ್ಯಾತಪ್ಪನಿಗೆ ಏನಾಯಿತೋ ಅವನಿಗೇ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷ ಗೆರೆಯ ಪಕ್ಕ ನಿಂತಿದ್ದ ಕಾಲು ತಾನಾಗಿ ಎದ್ದಿತು. ಅವನು ಕಲ್ಲುಗಳನ್ನು ದಾಟಿದ. ಎರಡು ಕೈಗಳನ್ನೂ ಅಗಲವಾಗಿ ಚಾಚಿದ.

“ಯಾರ್ನ ಮೊದ್ಲು ಮುಟ್ಲಿ? ಯಜಮಾನ್ನೇ ಮುಟ್ಟಾನಾ?”

ತಿಮ್ಮರಾಯಪ್ಪ ಒಂದು ಹೆಜ್ಜೆ ಹಿಂದಿಟ್ಟ. ಕ್ಯಾತಪ್ಪ ಎರಡು ಹೆಜ್ಜೆ ಮುಂದಿಟ್ಟ. ತಿಮ್ಮರಾಯಪ್ಪ ತಿರುಗಿದ, ಪಂಚೆ ಎತ್ತಿ ಕಟ್ಟಿದ, ಓಡಿದ! ಯಜಮಾನನೇ ಓಡಿದ ಮೇಲೆ ಉಳಿದವರದೇನು? ನಾಲ್ಕು ತಲೆಮಾರಿನ ನ್ಯಾಯ ತೀರಿಸಿದ ಹಿರಿಯರು ಕುರಿರೊಪ್ಪದ ಬೇಲಿ ಹಾರಿದರು. ಕೋಲೂರಿ ನಡೆಯುತ್ತಿದ್ದ ಮುದುಕರು ಕೋಲನ್ನು ಬಿಸಾಡಿ ಓಡಿದರು. ಒಬ್ಬ ಹುಣಿಸೆ ಮರ ಹತ್ತಿದ. ಹೆಂಗಸರು ಬಾಗಿಲು ಹಾಕಿಕೊಂಡರು. ಸಾಲಾಗಿ ಕೂತಿದ್ದ ಗಡಿಗೆಗಳು ಉರುಳಿ ಹುಳಿಹಾಲು ಹೊಳೆಯಾಗಿ ಹರಿಯಿತು. ಅದರಲ್ಲಿ ಜಾರಿ ಬಿದ್ದವರ ಲೆಕ್ಕ ಯಾರೂ ಇಡಲಿಲ್ಲ. ಐವತ್ತು ದಾಟಿದ ಒಬ್ಬನೇ ಮನುಷ್ಯ ಬರಿಗೈ ಚಾಚಿಕೊಂಡು ಇಡೀ ಹಟ್ಟಿಯನ್ನು ಓಡಿಸಿದ! ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು ಎಂಬುದನ್ನು ಶಾಲೆಯ ಜಗಲಿಯಿಂದ ನೋಡುತ್ತಿದ್ದ ನಾನು ಹೇಳಬಲ್ಲೆ.

ಬಯಲಿನಲ್ಲಿ ಉಳಿದದ್ದು ಗಾಡಿ, ಎತ್ತು. ಎತ್ತುಗಳಿಗೆ ಕಟ್ಟಳೆ ಗೊತ್ತಿರಲಿಲ್ಲ. ಕ್ಯಾತಪ್ಪ ಗಾಡಿಯನ್ನು ಗೆರೆಯಾಚೆ ಹೊಡೆದುಕೊಂಡು ಹೋಗಿ, ಮೂಟೆಗಳ ಮೇಲೆ ಮಗಳನ್ನು ಮಲಗಿಸಿ, ಕೂಸನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ಹಟ್ಟಿಯ ನಟ್ಟನಡುವೆ ಹಾದು ಹೊರಟ.

“ಲೇ, ನನ್ನ ಮೂಟೆ!” ಎಂದು ತಿಮ್ಮರಾಯಪ್ಪ ಕಟ್ಟೆಯ ಹಿಂದಿನಿಂದ ಕೂಗಿದ.

“ಬಾರಣ್ಣ, ಇಳಿಸ್ಕೊ!”

ತಿಮ್ಮರಾಯಪ್ಪ ಮುಟ್ಟುವಂತಿಲ್ಲ, ಬಿಡುವಂತೆಯೂ ಇಲ್ಲ. ಗಾಡಿಯ ಹಿಂದೆ ನಾಲ್ಕು ಮಾರು ದೂರ ಬಿಟ್ಟು ಬೈಯುತ್ತಾ ನಡೆದ. ಪುರವರ ದಾಟುವವರೆಗೆ ಕ್ಯಾತಪ್ಪನನ್ನು ಬೈದ. ಆಮೇಲೆ ಮಳೆಯನ್ನು ಬೈದ. ಮಧುಗಿರಿಯ ಬೆಟ್ಟ ಹತ್ತಿರವಾದಾಗ, ಗೌರಕ್ಕ ಮೂಟೆಗಳ ಮೇಲೆ ನರಳಿದ್ದನ್ನು ಕೇಳಿ, “ಎತ್ತು ಜೋರಾಗಿ ಹೊಡಿಯೋ, ಶನಿ ಮುಂಡೇದೆ!” ಎಂದು ಬೈದ.

ಆಸ್ಪತ್ರೆಯಲ್ಲಿ ಗೌರಕ್ಕನನ್ನು ಸ್ಟ್ರೆಚರಿನಲ್ಲಿ ಒಳಕ್ಕೆ ಒಯ್ದರು. ಕ್ಯಾತಪ್ಪ ಜೊತೆಗೆ ಓಡಿದ. ನರ್ಸು ಅವನ ಬೆನ್ನಿನಿಂದ ಕೂಸನ್ನು ಬಿಚ್ಚಿಕೊಂಡು ಸುತ್ತ ನೋಡಿದಳು. ಮೆಟ್ಟಿಲ ಮೇಲೆ ದಪ್ಪ ಪೇಟದ ಹಿರಿಯರೊಬ್ಬರು ನಿಂತಿದ್ದರು. “ಏನಜ್ಜಾ, ಸುಮ್ಮನೆ ನೋಡ್ತಾ ನಿಂತಿದ್ದೀರಲ್ಲ, ಹಿಡೀರಿ!” ಎಂದು ತಿಮ್ಮರಾಯಪ್ಪನ ಎರಡು ಕೈಗೂ ಕೂಸನ್ನು ಹಾಕಿ ಹೋದಳು.

ಬಿಸಾಡಲು ಸಾಧ್ಯವೆ? ಕೂಸು ಅವನ ಪೇಟ ನೋಡಿತು. ಆಮೇಲೆ ಬೆಚ್ಚಗೆ, ಧಾರಾಳವಾಗಿ, ಯಜಮಾನರ ಪಂಚೆಗೆ ತನ್ನ ತೀರ್ಥವನ್ನು ಪ್ರೋಕ್ಷಣೆ ಮಾಡಿತು. ಸಂಜೆ ಕ್ಯಾತಪ್ಪ ಹೊರಗೆ ಬಂದಾಗ ತಿಮ್ಮರಾಯಪ್ಪ ಅದೇ ಮೆಟ್ಟಿಲ ಮೇಲೆ, ಕೂಸನ್ನು ಹಿಡಿದ ಕೈ ಮಡಿಸದೆ, ಹಾಗೆಯೇ ಕೂತಿದ್ದ.

“ಬದುಕ್ತಾಳಂತಾ?” ಎಂದು ಕೇಳಿದ.

“ಇನ್ನರ್ಧ ದಿನ ಕಳೆದಿದ್ರೆ ಇಲ್ಲ ಅಂದ್ರು.”

ತಿಮ್ಮರಾಯಪ್ಪ ಕೂಸನ್ನು ಮಡಿಲಿಗೆ ಇಳಿಸಿಕೊಂಡ. ಆಮೇಲೆ, “ನಮ್ಮಿಬ್ರನ್ನೂ ಹಟ್ಟಿಗೆ ಸೇರಿಸ್ಕೊಳ್ಳೋರು ಯಾರ್ಲಾ ಈಗ?” ಎಂದ.

ಹತ್ತು ದಿನವೋ ಹನ್ನೆರಡು ದಿನವೋ ಆದ ಮೇಲೆ ಅದೇ ಗಾಡಿಯಲ್ಲಿ ಹಿಂತಿರುಗಿದರು. ದಾರಿಯುದ್ದಕ್ಕೂ ಕ್ಯಾತಪ್ಪ ಮನಸ್ಸಿನಲ್ಲೇ ಭಾಷಣ ಕಟ್ಟುತ್ತಿದ್ದ. ಮೊದಲು ರಂಗಿಗೆ ಹೇಳಬೇಕು: ನೋಡೇ, ಹೆಂಗಸರ ಸಹಾಯವಿಲ್ಲದೆ, ಮೂವತ್ತನಾಲ್ಕರ ಚೊಚ್ಚಲ ಬಾಣಂತಿಯನ್ನು ಬದುಕಿಸಿಕೊಂಡು ಬಂದೆ! ನಿನ್ನ ಕೈಲಾಗುತ್ತಿತ್ತೇನೇ?

ರಂಗಕ್ಕ ಬಿಳಿಯ ಕಲ್ಲುಗಳ ಪಕ್ಕದಲ್ಲೇ ಕೂತಿದ್ದಳು. ಮಡಿಲಲ್ಲಿ ಕಂಬಳಿಯ ಗಂಟು. ಗಂಟಿನೊಳಗೆ ಏನೋ ಸಣ್ಣಗೆ ಕುಂಯ್‌ಗುಡುತ್ತಿತ್ತು.

“ಜುಂಜಿ?” ಎಂದ ಕ್ಯಾತಪ್ಪ.

ರಂಗಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣು ಒಣಗಿತ್ತು.

“ಎಲ್ಲಾರೂ ಇದ್ವಿ ಕಣೋ ಅಣ್ಣಯ್ಯ. ಅವಳ ಅವ್ವ ಇದ್ಲು, ನಾನಿದ್ದೆ, ಅತ್ತೆ ಇದ್ಲು. ಸುತ್ತ ಕುಂತಿದ್ವಿ. ಮೈ ಸುಡ್ತಾ ಇತ್ತು. ನೀರಿನ ಬಟ್ಟೆ ಹಾಕಿದ್ವಿ, ಹರಕೆ ಕಟ್ಟಿದ್ವಿ, ದೃಷ್ಟಿ ತೆಗೆದ್ವಿ. ಗಾಡಿ ಕೇಳಾಕೆ ಮಾತ್ರ ಒಬ್ರೂ ಏಳ್ನಿಲ್ಲ.”

ಕ್ಯಾತಪ್ಪ ಕಟ್ಟಿಕೊಂಡು ಬಂದಿದ್ದ ಭಾಷಣ ಎಲ್ಲಿ ಹೋಯಿತೋ! ಅವನು ಗಾಡಿಯ ಮೂಕಿಯ ಮೇಲೆ ಕೈಯಿಟ್ಟುಕೊಂಡು ನಿಂತ. ಗೌರಕ್ಕ ಮೆಲ್ಲಗೆ ಕೆಳಗಿಳಿದಳು. ತನ್ನ ಕೂಸನ್ನು ಅಪ್ಪನಿಗೆ ಕೊಟ್ಟು, ರಂಗಕ್ಕನ ಮಡಿಲಿನಿಂದ ಆ ಗಂಟನ್ನು ಎತ್ತಿಕೊಂಡಳು. ಅಲ್ಲೇ ಕಲ್ಲುಗಳ ಮೇಲೆ ಕೂತು ಎದೆಗೆ ಹಿಡಿದಳು. ಯಾವ ಕಡೆ ಕೂತಿದ್ದಾಳೆಂದು ಯಾರೂ ಕೇಳಲಿಲ್ಲ.

ಕ್ಯಾತಪ್ಪ ತನಗೆ ತಾನೇ ತೀರ್ಥ ಚಿಮುಕಿಸಿಕೊಂಡ. ಹಾಗೆ ಮಾಡಬಹುದೇ ಎಂದು ತರ್ಕ ಮಾಡುವಷ್ಟು ಶಕ್ತಿ ಹಟ್ಟಿಯಲ್ಲಿ ಉಳಿದಿರಲಿಲ್ಲ. ಆಮೇಲೆ ತಿಮ್ಮರಾಯಪ್ಪನಿಗೆ, ಗಾಡಿಗೆ, ಎತ್ತುಗಳಿಗೆ, ಮೂಟೆಗಳಿಗೆ, ಹುಣಿಸೆ ಮರಕ್ಕೆ ಸಹ ಚಿಮುಕಿಸಿದ. ಎಲ್ಲರೂ ಶುದ್ಧರಾದರು. ಶುದ್ಧರಾದ ಕೂಡಲೇ ಹಿರಿಯರೆಲ್ಲ ಸೇರಿ, ಕಟ್ಟಳೆ ಮುರಿದ ತಪ್ಪಿಗೆ ಅವನ ಪೂಜಾರಿಕೆಯನ್ನು ಕಿತ್ತುಕೊಂಡರು! ಕ್ಯಾತಪ್ಪ ಬೆತ್ತವನ್ನು ಕೊಟ್ಟು ಸುಮ್ಮನೆ ಎದ್ದುಬಂದ. ನ್ಯಾಯ ಹೇಳುವಾಗ ತಿಮ್ಮರಾಯಪ್ಪ ಅವನ ಮುಖ ನೋಡಲಿಲ್ಲವಂತೆ.

ಗೌರಕ್ಕ ವರ್ಷವಿಡೀ ಇಬ್ಬರಿಗೂ ಹಾಲೂಡಿಸಿ, ಮಗನನ್ನು ಎತ್ತಿಕೊಂಡು ಗಂಡನ ಹಟ್ಟಿಗೆ ಹೋದಳು. ಜುಂಜಮ್ಮನ ಮಗಳು ರಂಗಕ್ಕನ ಜೊತೆ ಕ್ಯಾತಪ್ಪನ ಮನೆಯಲ್ಲೇ ಉಳಿದಳು. ಮಗುವಿಗೆ ಹೆಸರಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ಪಾಪ, ಪಾಪ ಎಂದು ಕರೆದು ಕರೆದು ಪಾಪಕ್ಕ ಎಂದೇ ನಿಂತಿತು. ರಂಗಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಆ ಹುಡುಗಿ ಮತ್ತು ಕ್ಯಾತಪ್ಪ ಇಬ್ಬರೇ. ಕಟ್ಟಳೆ ಅಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಈಗ ಜ್ವರ ಬಂದರೆ ಗಾಡಿ ಸಿಗುತ್ತದೆ, ಅಷ್ಟೆ.

ನಾನು ನಿವೃತ್ತನಾಗಿ ಮಧುಗಿರಿಯಲ್ಲಿದ್ದೇನೆ. ಆಗಾಗ ಹಟ್ಟಿಗೆ ಹೋಗಿ ಬರುತ್ತೇನೆ. ಇದು ಎಂಬತ್ತೆಂಟನೆಯ ಇಸವಿ. ಕ್ಯಾತಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ಪಾಪಕ್ಕ ಪುರವರದ ಹೈಸ್ಕೂಲಿಗೆ ಹೋಗುತ್ತಾಳೆ. ಎತ್ತರದ ಹುಡುಗಿ, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು. ಹೆಣ್ಣು ಕೇಳುವವರು ಬರಲಾರಂಭಿಸಿದ್ದಾರೆ. ಕಳೆದ ಸಲ ನಾನು ಹೋದಾಗಲೂ ಒಂದು ಗುಂಪು ಕೂತಿತ್ತು.

“ಹುಡುಗಿಗೆ ಎಷ್ಟು ವಯಸ್ಸು?”

“ಒಂಬತ್ತು” ಎಂದ ಕ್ಯಾತಪ್ಪ.

ಅದೇ ಹೊತ್ತಿಗೆ ಪಾಪಕ್ಕ ಪುಸ್ತಕದ ಚೀಲ ಹೊತ್ತು, ತಲೆ ಬಗ್ಗಿಸಿ ಒಳಗೆ ಬಂದಳು. ಬಂದವರು ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ನೋಡಿ ಮುಗಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

“ಒಂಬತ್ತಕ್ಕೇ ಐಸ್ಕೂಲಾ?”

“ಬುದ್ಧಿವಂತೆ.”

“ಹೋದ ವರ್ಷ ನಮ್ಮ ಬೀಗರು ಕೇಳ್ದಾಗ್ಲೂ ಒಂಬತ್ತು ಅಂದಿದ್ರಂತಲ್ಲಾ?”

“ನಮ್ಮ ವಂಶದಾಗೆ ನಿಧಾನ ಕಣಪ್ಪ.”

ಅವರು ಗೊಣಗುತ್ತಾ ಎದ್ದು ಹೋದರು. ಕ್ಯಾತಪ್ಪ ಮೀಸೆಯ ಮೇಲೆ ಕೈಯಾಡಿಸಿ, “ಹೆಂಗೆ ಮೇಷ್ಟ್ರೇ?” ಎಂದು ನನ್ನ ಕಡೆ ತಿರುಗಿದ. ಪಾಪಕ್ಕ ಚೀಲ ಇಳಿಸಿದಳು.

“ತಾತ, ಇಡೀ ಹಟ್ಟಿಯ ಓಡಿಸ್ದೋನು ಅಂತಾರೆ ನಿನ್ನ. ‘ಹದ್ನಾಕು ಕಣ್ರಪ್ಪಾ, ಈ ವಯಸ್ಸಿಗೆ ಕೊಡಾಕಿಲ್ಲ’ ಅನ್ನಾಕೆ ನಿಂಗೆ ಬಾಯಿಲ್ವಾ? ಸುಳ್ಳು ಯಾಕೆ ಹೇಳ್ತೀಯ?”

ಕ್ಯಾತಪ್ಪ ನನ್ನ ಮುಖ ನೋಡಿದ. ನಾನು ಸೂರಿನ ಕಡೆ ನೋಡಿದೆ.

ಮೊನ್ನೆ ಮತ್ತೆ ಹೋಗಿದ್ದೆ. ಕೊರಟಗೆರೆಯ ಕಡೆಯವರು ಬಂದಿದ್ದರು. ಒಳ್ಳೆಯ ಜನ, ಹೊಲ ತೋಟ ಇದ್ದವರು. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು. ವಯಸ್ಸು ಕೇಳಿದರು. ಕ್ಯಾತಪ್ಪ ಒಂದು ಸಲ ಗಂಟಲು ಸರಿಮಾಡಿಕೊಂಡು, “ಹದ್ನಾಕು” ಎಂದ.

“ಸರಿಯಾದ ವಯಸ್ಸು!” ಎಂದರು ಅವರು, ಸಂತೋಷದಿಂದ.

ಕ್ಯಾತಪ್ಪ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದ. ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ, ಬಹಳ ಮರ್ಯಾದೆಯಿಂದ ಅವರ ಕೈಗೇ ಕೊಟ್ಟ.

“ಕೊರಟಗೆರೆ ಬಸ್ಸು ನಾಕು ಗಂಟೆಗೈತೆ. ಈಗ ಎದ್ರೆ ಸಿಗತೈತೆ.”